ಅವ್ವ ಬಿಟ್ಟ ಎರಡು ಚೌಕ

ನಗೋಣ ಅಂದ್ರೆ ಅಳು ಬರುತ್ತೆ, ಅಳೋಣ ಅಂದ್ರೆ ನಗು ಬರುತ್ತೆ, ಅಂಥ ಪ್ರಸಂಗ ನಮ್ಮನೇಲಿ ಆಗ್ತಾನೇ ಇರ್ತವೆ. ಎಲ್ಲದಕ್ಕೂ ಬೇರು ಒಂದೇ, ನಮ್ಮಪ್ಪನ ಹೆಸರು. ಕರಿಗೌಡ. ಏನೂ ಅಪರೂಪದ ಹೆಸರಲ್ಲ. ನಮ್ಮ ಹನಕೆರೆ ಬೀದೀಲಿ ನಿಂತು ಕೂಗಿದ್ರೆ ಮೂರು ಮನೆಯಿಂದ ಓ ಅಂತಾರೆ. ಆದರೆ ನಮ್ಮವ್ವ ಮಾತ್ರ ಮದುವೆಯಾದ ದಿನದಿಂದ ಆ ಹೆಸರನ್ನ ಬಾಯಲ್ಲಿ ಆಡಿದೋಳಲ್ಲ. ಗಂಡನ ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗುತ್ತೆ ಅಂತ ಅವಳ ಅವ್ವ ಹೇಳಿ ಕಳಿಸಿದ್ದಳಂತೆ. ಅವ್ವ ಅದನ್ನ ಗಂಟು ಹಾಕಿಕೊಂಡು ಬಂದಳು.

ನಾನು ಇವರಿಗೆ ಒಬ್ಬಳೇ ಮಗಳು. ಮನೆ ಅಳಿಯನ್ನ ತಂದು ನನ್ನ ತವರಲ್ಲೇ ಉಳಿಸಿಕೊಂಡ್ರು. ಮುಂದಿನ ರೂಮಲ್ಲಿ ಮಿಷನ್ ಹಾಕಿಕೊಂಡು ರವಿಕೆ ಹೊಲೀತೀನಿ. ಕೈ ಚೊಕ್ಕ, ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಎರಡೂ ನಿಜ.

ದಾರದ ಬಣ್ಣ

ಗಂಡನ ಹೆಸರು ಹೇಳದೇ ಇರೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮವ್ವ ಹೆಸರಿನ ಜೊತೆ ಅದರ ಅರ್ಧವನ್ನೂ ಬಿಟ್ಟಿದ್ದಳು. 'ಕರಿ' ಅನ್ನೋ ಎರಡಕ್ಷರ ಎಲ್ಲೇ ಬರಲಿ, ಅದನ್ನ ಸುತ್ತಿ ಬಳಸಿ ದಾಟ್ತಿದ್ದಳು. ಕರಿಬೇವಿಗೆ ಒಗ್ಗರಣೆ ಸೊಪ್ಪು ಅನ್ನೋಳು. ಕರಿಮೆಣಸಿಗೆ ಖಾರದ ಕಾಳು. ವಡೇನ ಕರೀತೀನಿ ಅನ್ನೋಳಲ್ಲ, ಎಣ್ಣೆಗೆ ಬುಡ್ತೀನಿ ಅನ್ನೋಳು. ಹೋಗಲಿ, ಬಣ್ಣಕ್ಕೆ ಕಪ್ಪು ಅನ್ನಬಹುದಲ್ಲ ಅಂದ್ರೆ ಅದಕ್ಕೂ ಕಲ್ಲು. ನಮ್ಮಜ್ಜಿ ಮಗನ್ನ ಮುದ್ದಿಗೆ 'ಕಪ್ಪಾ' ಅಂತ ಕರೀತಿದ್ದಳಂತೆ. ಹಂಗಾಗಿ ಆ ದಾರಿನೂ ಬಂದ್.

ಒಂದು ಸಲ ನನಗೆ ಕೈತುಂಬ ಕೆಲಸ. ಮಂಡ್ಯಕ್ಕೆ ಹೋಗಿ ಕಪ್ಪು ದಾರದ ಉಂಡೆ ತಾ ಅಂತ ಅವ್ವನ್ನ ಕಳಿಸಿದೆ. ಅಂಗಡೀಲಿ ಅವಳು ಬಣ್ಣದ ಹೆಸರು ಹೇಳಬೇಕಲ್ಲ. ತುಂಬಾ ಯೋಚನೆ ಮಾಡಿ, ಕೂದಲ ಬಣ್ಣದ್ದು ಕೊಡಪ್ಪ ಅಂದಳಂತೆ. ಅಂಗಡಿಯವನು ಒಂದು ಸಲ ಅವಳ ತಲೆ ನೋಡಿ ಬಿಳಿ ದಾರ ಕಟ್ಟಿಕೊಟ್ಟ. ಮನೆಗೆ ಬಂದ ಮೇಲೆ ನಾನು ಕುಣಿದಾಡಿಬಿಟ್ಟೆ. ಅವ್ವನಿಗೆ ಸ್ವಲ್ಪನೂ ಬೇಜಾರಿಲ್ಲ.

"ಅವನ್ ತಪ್ಪೇನದೆ ಬುಡು. ನಾನು ತಲೆ ತುಂಬ ಸೆರಗು ಒದ್ಕಂಡು ಓಗ್ಬೇಕಿತ್ತು."

ಅಪ್ಪನ ಪಾಲು

ಅವ್ವ ಏಳನೇ ಕ್ಲಾಸಿನವರೆಗೂ ಓದಿದ್ದಳು. ನಮ್ಮನೆಗೆ ಪೇಪರ್ ಬರೋದು ಓದೋಕಲ್ಲ, ರವಿಕೆ ಅಳತೆ ಕತ್ತರಿಸೋಕೆ. ನಾನು ಕತ್ತರಿ ತಗೊಳೋಕೆ ಮುಂಚೆ ಅವ್ವ ಬಂದು ಪದಬಂಧ ಇರೋ ಮೂಲೆ ಹರಕೊಂಡು ಹೋಗೋಳು. ಮಧ್ಯಾಹ್ನ ಉಂಡು ಜಗಲಿ ಮೇಲೆ ಕೂತರೆ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಎದುರುಮನೆ ಟೀಚರ್ ಸಂಜೆ ಸ್ಕೂಲಿಂದ ಬರೋಷ್ಟರಲ್ಲಿ ಅಷ್ಟೂ ತುಂಬಿರೋದು. ಎರಡು ಚೌಕ ಬಿಟ್ಟು.

ಪದಬಂಧ ಮಾಡೋ ಪುಣ್ಯಾತ್ಮ ಯಾರೋ, ಅವನಿಗೆ 'ಕರಿ' ಅಂದ್ರೆ ಪ್ರಾಣ. ಮೂಲೇಲಿ ಎರಡು ಚೌಕ ಉಳಿದರೆ ತಂದು ಅದನ್ನೇ ತುರುಕೋನು. ಒಂದು ದಿನ ಸುಳಿವು 'ಆನೆ' ಅಂತ ಇದ್ರೆ, ಇನ್ನೊಂದು ದಿನ 'ಕಪ್ಪು', ಮತ್ತೊಂದು ದಿನ 'ಎಣ್ಣೆಯಲ್ಲಿ ಬೇಯಿಸು'. ಮೂರಕ್ಕೂ ಉತ್ತರ ಅದೇ. ಅವ್ವ ಸುಳಿವು ಓದಿದ ತಕ್ಷಣ ನಸುನಕ್ಕು ಮುಂದಕ್ಕೆ ಹೋಗೋಳು. ಬರೆಯೋದೂ ಒಂದೇ, ಹೇಳೋದೂ ಒಂದೇ ಅಂತ ಅವಳ ಲೆಕ್ಕ.

ಸಾಯಂಕಾಲ ಅಪ್ಪ ಎಮ್ಮೆ ಹೊಡಕೊಂಡು ಬಂದು, ಕೈಕಾಲು ತೊಳಕೊಂಡು, ಕನ್ನಡಕ ಹಾಕಿಕೊಂಡು ಕೂರೋನು. ಅವನಿಗೆ ಪದಬಂಧದ ಗಂಧ ಗಾಳಿ ಗೊತ್ತಿಲ್ಲ. ಸುಳಿವು ಓದೋ ಗೋಜಿಗೂ ಹೋಗ್ತಿರಲಿಲ್ಲ. ಎರಡು ಚೌಕ ಖಾಲಿ ಕಂಡರೆ ಜೇಬಿಂದ ಪೆನ್ನು ತೆಗೆದು ಗುಂಡಗೆ 'ಕರಿ' ಅಂತ ಬರೆದು, ಇಡೀ ಪದಬಂಧ ತಾನೇ ಬಿಡಿಸಿದೋನ ಥರ ಮೀಸೆ ನೀವಿಕೊಳ್ಳೋನು. ನಮ್ಮನೇಲಿ ಇದು ದೀಪ ಹಚ್ಚೋ ಹಂಗೆ, ಸಂಜೆ ಆದ್ರೆ ಆಗಬೇಕು.

ಎದುರುಮನೆ ಟೀಚರ್ ಗಂಡನ್ನ ಹೆಸರು ಹಿಡಿದೇ ಕೂಗೋ ಕಾಲದ ಹೆಣ್ಣು. ಅವರಿಗೆ ಇದನ್ನ ನೋಡಿ ತಡಕೊಳ್ಳೋಕೆ ಆಗಲಿಲ್ಲ. ಅಲ್ಲಮ್ಮ, ಕರಿ ಅಂದ್ರೆ ಆನೆ ಅಂತ ಅರ್ಥ ಇದೆ, ಕಪ್ಪು ಅಂತ ಇದೆ, ಬಾಣಲೆಗೆ ಹಾಕೋದು ಅಂತ ಇದೆ, ಇಷ್ಟೊಂದು ಅರ್ಥ ಇರೋ ಮಾತನ್ನ ಒಬ್ಬ ಗಂಡನಿಗೋಸ್ಕರ ಬಿಡ್ತಾರಾ ಅಂತ ಪಾಠ ಮಾಡಿದ್ರು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ನಿಮ್ಗೆ ಅಷ್ಟೊಂದು ಕಣಮ್ಮ. ನಂಗೆ ಒಂದೇಯ."

ಮೂರು ಲೋಕದ ಒಡೆಯ

ಹಿಂಗೆ ನಡೀತಾ ಇರಬೇಕಾದ್ರೆ ಒಂದು ದಿನ ಅವ್ವನಿಗೆ ಒಂದು ಉತ್ತರ ಹೊಳೀಲಿಲ್ಲ. 'ಮೂರು ಲೋಕದ ಒಡೆಯ', ನಾಲ್ಕಕ್ಷರ. ಜಗದೀಶನೋ ಪರಮೇಶನೋ ಅಂತ ಅನುಮಾನ ಬಂದು, ಆಮೇಲೆ ನೋಡೋಣ ಅಂತ ಹಂಗೇ ಬಿಟ್ಟು ಮುದ್ದೆಗೆ ಹಿಟ್ಟು ತೊಳಸೋಕೆ ಹೋದಳು. ಅಪ್ಪ ಬಂದ. ಯಾವತ್ತೂ ಎರಡಿರ್ತಿತ್ತು, ಇವತ್ತು ನಾಲ್ಕು ಖಾಲಿ ಇದೆ. ಇವಳು ಇವತ್ತು ಪೂರ್ತಿ ಮರ್ಯಾದೆ ಕೊಟ್ಟವಳೆ ಅಂದುಕೊಂಡ. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ಕ, ರಿ, ಗೌ, ಡ, ಅಂತ ಸರಿಯಾಗಿ ಕೂರಿಸಿದ.

ಅವ್ವ ಮುದ್ದೆ ಕೋಲು ಕೈಲಿ ಹಿಡಕೊಂಡೇ ಬಂದು ನೋಡಿದಳು. ಸುಳಿವು ಓದಿದಳು, ಉತ್ತರ ನೋಡಿದಳು, ಅಪ್ಪನ್ನ ಮೇಲಿಂದ ಕೆಳಕ್ಕೆ ನೋಡಿದಳು.

"ಮೂರು ಲೋಕ ಆಮೇಲೆ ಆಳೀರಂತೆ. ಮೊದ್ಲು ಮೂರು ಎಮ್ಮೆಗೆ ಉಲ್ಲು ಆಕ್ ಬನ್ನಿ."

ಬಾಯಿ ತುದೀಲಿದ್ದ ಹೆಸರು

ಯಾವುದೋ ಕಾರ್ಡು ಸರಿ ಮಾಡಿಸೋಕೆ ಅವ್ವನ್ನ ಕರಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅವಳನ್ನ ಸಾಲಲ್ಲಿ ನಿಲ್ಲಿಸಿ, ಜೆರಾಕ್ಸ್ ಮಾಡಿಸಿಕೊಂಡು ಬರೋಣ ಅಂತ ಪಕ್ಕದ ಬೀದಿಗೆ ಹೋದೆ. ಅಷ್ಟರಲ್ಲಿ ಅವಳ ಸರದಿ ಬಂದುಬಿಟ್ಟಿದೆ. ಕೌಂಟರಲ್ಲಿದ್ದೋರು ಗಂಡನ ಹೆಸರು ಕೇಳಿದ್ದಾರೆ. ನಮ್ಮವ್ವ ಎಷ್ಟಾದ್ರೂ ಪದಬಂಧದೋಳು, ಸುಳಿವು ಕೊಡೋಕೆ ಶುರು ಮಾಡಿದ್ದಾಳೆ.

ಆನೆ, ಎರಡಕ್ಷರ, ಅದರ ಮುಂದಕ್ಕೆ ಗೌಡ ಅಂತ ಸೇರಿಸ್ಕಳಿ ಸಾಮಿ ಅಂದಳಂತೆ. ಆನೇಗೌಡನಾ ಅಂತ ಅವರು ಕೇಳಿದ್ರು. ಹಿಂದೆ ನಿಂತಿದ್ದೋರು, ಎರಡಕ್ಷರ ಅಂದ್ರೆ ಗಜ ಸಾರ್, ಗಜೇಗೌಡ ಅಂತ ಬರ್ಕಳಿ ಅಂದ್ರು. ಅವ್ವ ತಲೆ ಆಡಿಸಿದಳು. ಸಾಲಲ್ಲಿದ್ದೋರೆಲ್ಲ ತಮ್ಮ ತಮ್ಮ ಕೆಲಸ ಮರೆತು ಮುಂದಕ್ಕೆ ಬಂದು ನಿಂತ್ರು. ಅವ್ವ ಇನ್ನೊಂದು ಸುಳಿವು ಬಿಟ್ಟಳು. ವಡೇನ ಏನ್ ಮಾಡ್ತೀರಿ, ಹೇಳಿ. ಮದ್ದೂರಿನೋನು ಒಬ್ಬ, ತಿಂತೀವಿ ಅಂದ. ತಿನ್ನೋಕೆ ಮುಂಚೆ ಏನ್ ಮಾಡ್ತೀರಿ ಅಂದಳು. ಅವನು ಗಂಭೀರವಾಗಿ, ಕ್ಯೂ ನಿಂತ್ಕತೀವಿ ಅಂದ.

ನಾನು ವಾಪಸ್ ಬಂದಾಗ ಕೌಂಟರಿನೋರೂ ಗಲ್ಲಕ್ಕೆ ಕೈ ಕೊಟ್ಟು ಯೋಚನೆ ಮಾಡ್ತಾ ಕೂತಿದ್ರು. ಏನ್ ಸಾರ್ ಇದು, ಕರಿಗೌಡ ಅಂತ ಬರ್ಕಳಿ ಅಂದೆ. ಇಡೀ ಸಾಲು ಹಣೆ ಚಚ್ಚಿಕೊಳ್ತು. ಕೋಲು ಊರಿಕೊಂಡಿದ್ದ ಅಜ್ಜ ಒಬ್ಬರಿಗೆ ನನ್ನ ಮೇಲೆ ವಿಪರೀತ ಕೋಪ ಬಂದಿತ್ತು.

"ನೀನ್ಯಾಕ್ ಬಾಯಾಕ್ದೆ? ನಂಗೆ ಬಾಯ್ ತುದೀಲೇ ಇತ್ತು."

ಡಾಕ್ಟರ ಪರೀಕ್ಷೆ

ಅವ್ವನ ಮರೆವು ಯಾವಾಗ ಶುರುವಾಯ್ತು ಅಂತ ನನಗೂ ಸರಿಯಾಗಿ ಹೇಳೋಕೆ ಬರಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಿದ್ದಳು, ವಯಸ್ಸಾಯ್ತಲ್ಲ ಅಂದುಕೊಂಡ್ವಿ. ಡೈರಿಗೆ ಹಾಲು ಹಾಕೋಕೆ ಹೋದೋಳು ಖಾಲಿ ಕ್ಯಾನು ಹಿಡಕೊಂಡು ರೈಲ್ವೆ ಸ್ಟೇಷನ್ನಲ್ಲಿ ಕೂತಿದ್ದಳು, ಯಾರೋ ಕರಕೊಂಡು ಬಂದ್ರು. ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ನಾನು, ಅಪ್ಪ ಇಬ್ಬರೂ ಕರಕೊಂಡು ಹೋದ್ವಿ.

ಡಾಕ್ಟರು ಚಿಕ್ಕ ವಯಸ್ಸಿನೋರು, ಒಳ್ಳೇ ಹುಡುಗ. ಪೆನ್ನು ತೋರಿಸಿ ಇದೇನು ಅಂದ್ರು, ಅವ್ವ ಹೇಳಿದಳು. ಊರು ಕೇಳಿದ್ರು, ಹೇಳಿದಳು. ನನ್ನ ಹೆಸರು ಸ್ವಲ್ಪ ತಡಕಾಡಿ ಹೇಳಿದಳು. ಆಮೇಲೆ ಗಂಡನ ಹೆಸರು ಕೇಳಿದ್ರು. ಅವ್ವ ಸೆರಗು ಎಳಕೊಂಡು ನೆಲ ನೋಡ್ತಾ ಕೂತಳು. ಡಾಕ್ಟರು ಕಾದ್ರು, ಇನ್ನೊಂದು ಸಲ ಕೇಳಿದ್ರು, ಮುಖ ಸಣ್ಣ ಮಾಡಿಕೊಂಡು ನನ್ನ ಕಡೆ ತಿರುಗಿದ್ರು. ಇಷ್ಟು ಹತ್ತಿರದ ಹೆಸರೇ ಹೋಗಿದೆ ಅಂದ್ರೆ ಸ್ವಲ್ಪ ಮುಂದುವರಿದಿದೆ ಅಂತ ಅರ್ಥ ಅಂದ್ರು.

ನಾನು ತಡೆದೆ. ಸಾರ್, ಅವಳು ಮರೆತಿಲ್ಲ, ಹೇಳಲ್ಲ ಅಷ್ಟೆ, ಯಾವತ್ತೂ ಹೇಳಿಲ್ಲ ಅಂದೆ. ಅವರು, ಹಂಗಾದ್ರೆ ನೆನಪಿದೆಯೋ ಇಲ್ಲವೋ ಅಂತ ನಾವು ತಿಳ್ಕೊಳ್ಳೋದು ಹೇಗೆ ಅಂದ್ರು. ಅಪ್ಪ ಟವೆಲ್ಲಲ್ಲಿ ಮುಖ ಒರೆಸಿಕೊಂಡ.

ಡಾಕ್ಟರು ಬಿಡಲಿಲ್ಲ. ಅಪ್ಪನ್ನ ತೋರಿಸಿ ಇವರು ಯಾರು ಅಂದ್ರು. ಇವಳ ಅಪ್ಪ ಅಂದಳು ಅವ್ವ, ನನ್ನ ಕಡೆ ಕೈ ಮಾಡಿ. ಸರಿ, ನಿಮಗೇನಾಗಬೇಕು ಅಂದ್ರು. ಅವ್ವ ಅವರನ್ನ ಕನಿಕರದಿಂದ ನೋಡಿದಳು.

"ನಿಮ್ಗಿನ್ನೂ ಮದ್ವೆ ಆಗಿಲ್ವಾ ಸಾಮಿ?"

ಹೇಳದೇ ಇದ್ದ ಸಂಭ್ರಮ

ಬಸ್ಸಲ್ಲಿ ವಾಪಸ್ ಬರ್ತಾ ಅಪ್ಪ ಕಿಟಕಿ ಆಚೆ ಕಬ್ಬಿನ ಗದ್ದೆ ನೋಡ್ತಾ ಕೂತಿದ್ದ. ಆಮೇಲೆ ನನ್ನ ಕಿವಿ ಹತ್ತಿರ ಬಂದು, ಅವಳಿಗೆ ನನ್ ಹೆಸರು ಗೊತ್ತಿರ್ತದೆ ಅಲ್ವಾ ಮಗ ಅಂದ. ಗೊತ್ತಿರುತ್ತೆ ಬುಡಪ್ಪ ಅಂದೆ. ಅವನಿಗೆ ಅಷ್ಟು ಸಾಲಲಿಲ್ಲ. ಊರು ಬರೋಷ್ಟರಲ್ಲಿ ತಾನೇ ಒಂದು ಉಪಾಯ ಕಂಡುಹಿಡಿದಿದ್ದ. ಪದಬಂಧದಲ್ಲಿ ಆ ಎರಡು ಚೌಕ ಬಿಟ್ಟರೆ ಅವಳಿಗೆ ನೆನಪಿದೆ ಅಂತ. ತುಂಬಿಬಿಟ್ಟರೆ ಇಲ್ಲ ಅಂತ.

ಕೆಲವು ದಿನ ಉಪಾಯ ನಡೀತು. ಆಮೇಲೆ ಅವ್ವ ಎರಡು ಚೌಕದ ಜೊತೆ ನಾಲ್ಕು ಬಿಟ್ಟಳು, ಹತ್ತು ಬಿಟ್ಟಳು. ಒಂದು ದಿನ ಪೂರ್ತಿ ಪದಬಂಧ ಖಾಲಿ. ಅಪ್ಪ ಅದನ್ನ ಹಿಡಕೊಂಡು ನನ್ನ ಮಿಷನ್ ಹತ್ತಿರ ಬಂದು ನಿಂತ. ಇದ್ರಲ್ಲಿ ಮರ್ಯಾದೆಗೆ ಬುಟ್ಟಿದ್ದು ಯಾವುದು ಮಗ, ಮರ್ತು ಬುಟ್ಟಿದ್ದು ಯಾವುದು ಅಂದ. ನಾನು ಸೂಜಿಗೆ ದಾರ ಪೋಣಿಸೋ ನೆಪ ಮಾಡಿ ತಲೆ ತಗ್ಗಿಸಿದೆ. ಕಣ್ಣು ಮಂಜಾಗಿ ದಾರನೂ ಹೋಗಲಿಲ್ಲ.

ಹಂಗಂತ ಅಪ್ಪ ಬಿಡೋ ಆಸಾಮಿ ಅಲ್ಲ. ಜೀವಮಾನದಲ್ಲಿ ಸುಳಿವು ಓದದೋನು, ಟೀಚರ್ ಮನೆಗೆ ಹೋಗಿ 'ಕರಿ'ಗೆ ಯಾವ ಯಾವ ಸುಳಿವು ಬರುತ್ತೆ ಅಂತ ಕಲಿತುಕೊಂಡು ಬಂದ. ಸಂಜೆ ಅವ್ವನ ಎದುರಿಗೆ ಕೂತು, ಆನೆ, ಎರಡಕ್ಷರ, ಏನು ಹೇಳು ನೋಡನ ಅನ್ನೋನು. ಅಂದುಬಿಟ್ಟು ಉಸಿರು ಬಿಗಿ ಹಿಡಿಯೋನು. ಅವ್ವ ಮುಖ ತಿರುಗಿಸಿ, ಓಗಿ ಅತ್ಲಾಗೆ ಅನ್ನೋಳು. ಅಷ್ಟೇ ಸಾಕು. ಅಪ್ಪ ಒಳಕ್ಕೆ ಓಡಿಬಂದು, ಹೇಳ್ನಿಲ್ಲ ಕಣ್ ಮಗ, ಹೇಳ್ನಿಲ್ಲ ಅಂತ ಚಿಕ್ಕ ಮಕ್ಕಳ ಥರ ಸಂತೋಷ ಪಡೋನು. ಆವತ್ತು ಕಾಫಿಗೆ ಬೆಲ್ಲ ಜಾಸ್ತಿ ಹಾಕಿಸಿಕೊಂಡು ಕುಡಿಯೋನು.

ಈ ಕಾಯಿಲೆ ಇರೋರ ಮನೇಲೆಲ್ಲ ಒಂದು ಮಾತಾಡಲಿ ದೇವರೇ ಅಂತ ಹರಕೆ ಹೊತ್ತರೆ, ನಮ್ಮನೇಲಿ ಬಾಯಿ ಬಿಡದಿರಲಿ ಅಂತ ಹೊತ್ತಿದ್ವಿ. ದೇವರಿಗೂ ತಲೆ ಕೆಟ್ಟಿರಬೇಕು.

ಚಪ್ಪಾಳೆ

ಒಂದು ಭಾನುವಾರ ಮಧ್ಯಾಹ್ನ ಟೀಚರ್ ರವಿಕೆಗೆ ಹುಕ್ಕು ಹಾಕಿಸಿಕೊಳ್ಳೋಕೆ ಬಂದು ಅವ್ವನ ಪಕ್ಕ ಕೂತಿದ್ರು. ಸುಮ್ಮನೆ ಕೂರೋ ಬದಲು ಪೇಪರ್ ತಗೊಂಡು ಸುಳಿವು ಓದ್ತಿದ್ರು. ಅಪ್ಪ ಬಾಗಿಲಲ್ಲಿ ಹಗ್ಗ ಹೊಸೀತಾ ಇದ್ದ. 'ಎಣ್ಣೆಯಲ್ಲಿ ಬೇಯಿಸು' ಬಂತು. ಅಪ್ಪ ಹಗ್ಗ ನಿಲ್ಲಿಸಿದ. ಅವ್ವ ಟೀಚರ ಕೈಯಿಂದ ಪೆನ್ನು ತಗೊಂಡಳು, ಎಷ್ಟೋ ದಿನದ ಮೇಲೆ ಎರಡು ಚೌಕದಲ್ಲಿ ಎರಡು ಅಕ್ಷರ ಬರೆದಳು. ಬರೆದು ಗಟ್ಟಿಯಾಗಿ ಓದಿದಳು. ಕರಿ.

ಟೀಚರ್ ಚಪ್ಪಾಳೆ ತಟ್ಟಿಬಿಟ್ರು. ನೋಡಿದ್ರಾ, ನೋಡಿದ್ರಾ, ಎಷ್ಟು ಸುಧಾರಿಸಿದ್ದಾರೆ ಅಂತ ಅವರ ಕಣ್ಣಲ್ಲಿ ನೀರು. ಪಾಪ, ಅವರದೇನೂ ತಪ್ಪಿಲ್ಲ, ಅಪ್ಪ ಸುಳಿವು ಕಲಿತಿದ್ದು ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಅವ್ವನೂ ಅವರ ಜೊತೆ ಸೇರಿ ತನಗೆ ತಾನೇ ಚಪ್ಪಾಳೆ ಹೊಡಕೊಂಡಳು. ಅಪ್ಪ ಎದ್ದು ಬಂದು ಆ ಎರಡು ಚೌಕ ನೋಡಿದ. ಅವನ ಕೈ ಜೇಬಿನ ಪೆನ್ನಿನ ಹತ್ತಿರ ಹೋಗಿತ್ತು, ಅಲ್ಲಿಂದ ವಾಪಸ್ ತಗೊಂಡ. ಚೆಂದಾಗಿ ಬರ್ದವ್ಳೆ ಅಂದು ಕೊಟ್ಟಿಗೆ ಕಡೆ ಹೋದ. ನಾನು ದಾರ ಇಲ್ಲದ ಮಿಷನ್ನನ್ನ ಸುಮ್ಮನೆ ತುಳೀತಾ ಕೂತಿದ್ದೆ. ಆವತ್ತು ಅತ್ತಷ್ಟು ನಾನು ಯಾವತ್ತೂ ಅತ್ತಿಲ್ಲ.

ಸಂಜೆ ಒಲೆ ಮುಂದೆ ಅವ್ವ ಕೈ ಚಾಚಿ, ಕರಿಬೇವು ತತ್ತಾ ಅಂದಳು. ನನಗೆ ಏನು ಕೇಳ್ತಿದ್ದಾಳೆ ಅಂತಲೇ ಗೊತ್ತಾಗಲಿಲ್ಲ. ಹುಟ್ಟಿದಾಗಿಂದ ಆ ಮಾತನ್ನ ಅವಳ ಬಾಯಲ್ಲಿ ಕೇಳಿದ್ರೆ ತಾನೇ. ಕೊತ್ತಂಬರಿ ಕೊಟ್ಟು ಬೈಸಿಕೊಂಡೆ.

ಓ ಅನ್ನದ ಆಳು

ಈಗ ಅವ್ವ ನಮ್ಮ ಜೊತೆ ಹನಕೆರೇಲಿ ಇಲ್ಲ. ಅಂದ್ರೆ ಕೂತಿರೋದು ಇದೇ ಜಗಲಿ ಮೇಲೆ, ಆದರೆ ಅವಳ ಲೆಕ್ಕದಲ್ಲಿ ಅದು ಕೆರಗೋಡಿನ ಅವಳ ತವರು ಮನೆ. ಅವಳಿಗಿನ್ನೂ ಮದುವೆ ಆಗಿಲ್ಲ. ನಾನು ಯಾರೋ ರವಿಕೆ ಹೊಲಿಯೋಕೆ ಬಂದಿರೋ ಹೆಂಗಸು, ಬೇಗ ಕೊಡಲ್ಲ ಅಂತ ಬೈತಾಳೆ. ಬಿಡಿ, ಅದು ನಿಜಾನೇ. ಅಪ್ಪ ಅವಳ ಕಣ್ಣಿಗೆ ಎಮ್ಮೆ ನೋಡಿಕೊಳ್ಳೋ ಆಳು.

ಮೊದಲನೇ ಸಲ ಅದು ಗೊತ್ತಾಗಿದ್ದು ಬೆಳಿಗ್ಗೆ ಡೈರಿಗೆ ಹಾಲು ಹಾಕೋ ಹೊತ್ತಲ್ಲಿ, ಬೀದಿ ತುಂಬ ಜನ ಇದ್ದಾಗ. ಅವ್ವ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಲೇ ಕರಿಗೌಡ, ಎಮ್ಮೆಗೆ ನೀರ್ ತೋರ್ಸ್ದೇನ್ಲಾ?"

ಇಡೀ ಬೀದಿ ತಿರುಗಿ ನೋಡ್ತು. ಗಂಡನ ಹೆಸರು ಹೇಳಬಾರದು ಅಂತ ದಾರಕ್ಕೂ ಸೊಪ್ಪಿಗೂ ಬೇರೆ ಹೆಸರಿಟ್ಟೋಳು ಅಂತ ಎಲ್ಲರಿಗೂ ಗೊತ್ತು. ಅಪ್ಪ ಕೈಲಿದ್ದ ಬಕೆಟ್ಟನ್ನ ಮೆತ್ತಗೆ ಕೆಳಗಿಟ್ಟ. ತೋರ್ಸ್ದೆ ಕಣವ್ವ ಅಂದ, ಆಳುಗಳು ಯಜಮಾನರ ಮಗಳಿಗೆ ಹೇಳೋ ಹಂಗೇ. ತೋರಿಸ್ನಿಲ್ಲ ಅಂದ್ರೆ ನಮ್ಮಪ್ಪ ಬರ್ಲಿ, ನಿನ್ ಚರ್ಮ ಸುಲಿಸ್ತೀನಿ ಅಂತ ಗದರಿಸಿ ಅವ್ವ ಒಳಕ್ಕೆ ಹೋದಳು.

ಆಮೇಲೆ ಜನ ನಕ್ಕಿದ್ದೇ ನಕ್ಕಿದ್ದು. ಏನ್ ಗೌಡಣ್ಣ, ಹೊಸ ಕೆಲಸಕ್ಕೆ ಸೇರ್ಕಂಡಂಗದೆ ಅಂದ್ರು. ನನಗೆ ಮೈ ಉರಿದು, ಎಲ್ಲರಿಗೂ ಸರಿಯಾಗಿ ಕೊಡೋಣ ಅಂತ ಬಾಯಿ ತೆಗೆದೆ. ಅಪ್ಪ ಕೈ ಅಡ್ಡ ಹಿಡಿದ. ಅವನೂ ನಗ್ತಿದ್ದ, ಕಣ್ಣಿಂದ ನೀರೂ ಬರ್ತಿತ್ತು, ಒರೆಸಿಕೊಳ್ಳೋಕೂ ಹೋಗಲಿಲ್ಲ. ಹೆಸರು ಗೊತ್ತದೆ ಕಣ್ ಮಗ ಅಂದ. ಯಾರು ಅನ್ನೋದು ಮರ್ತವ್ಳೆ, ಹೆಸರು ಮರ್ತಿಲ್ಲ.

ಆವತ್ತಿಂದ ಇದು ದಿನಾ ನಡೆಯೋ ಆಟ. ಅವ್ವ ಜಗಲಿ ಮೇಲಿಂದ ಹೆಸರು ಹಿಡಿದು ಕೂಗ್ತಾಳೆ, ಅಪ್ಪ ಕೊಟ್ಟಿಗೇಲಿ ಇರ್ತಾನೆ. ಕೂಗಿದ್ರೆ ಓ ಅನ್ನಲ್ಲ. ನನಗೆ ಮಿಷನ್ ಸದ್ದಲ್ಲೂ ಕೇಳುತ್ತೆ, ಅವನಿಗೆ ಕೇಳಲ್ಲ. ಮೊನ್ನೆ ಅವ್ವ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ನನಗೆ ರೇಗಿ ಎದ್ದು ಹೋದೆ. ನೋಡಿದ್ರೆ ಅಪ್ಪ ಎಮ್ಮೆ ಮರೇಲಿ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ನಿಂತಿದ್ದಾನೆ. ಆವಾಗಿಂದ ಕೂಗ್ತಾವಳೆ, ಕಿವಿ ಕೇಳಲ್ವೇನಪ್ಪ ನಿಂಗೆ ಅಂತ ಜೋರು ಮಾಡಿದೆ. ಅವನು ಕಣ್ಣು ಬಿಡದೆ ತುಟಿ ಮೇಲೆ ಬೆರಳಿಟ್ಟ.

"ಸುಮ್ನಿರು ಮಗ. ಇನ್ನೊಂದ್ ಸಲ ಕೂಗ್ತಾಳೆ."